ಗೋದಾಮಿನ ಕೀಲಿ ಯಾರ ಕೈಯಲ್ಲಿದೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ 11 ವರ್ಷದಿಂದ ಪ್ಯಾಕರ್ಸ್ ಅಂಡ್ ಮೂವರ್ಸ್ ನಡೆಸುತ್ತಿದ್ದೇನೆ. ಸ್ವಂತ ಗಾಡಿ ಮೂರು, ಕಾಯಂ ಕೆಲಸದವರು 14 ಜನ. ಏಪ್ರಿಲ್‌ನಿಂದ ಜೂನ್ ತನಕ ವರ್ಗಾವಣೆ ಸೀಸನ್. ಆಗ ಒಬ್ಬ ಮುಕಾದಮರು ಮುಂಡರಗಿ, ಶಿರಹಟ್ಟಿ ಕಡೆಯಿಂದ 20 ಹಮಾಲರನ್ನು, ಒಡಿಶಾದಿಂದ 10 ಹುಡುಗರನ್ನು ಕರಕೊಂಡು ಬರುತ್ತಾರೆ. ತಲೆಗೆ ₹20,000 ಅಡ್ವಾನ್ಸ್ ಕೊಡುತ್ತೇನೆ, ಅದು ಮುಕಾದಮರ ಕೈಯಿಂದ ಹೋಗುತ್ತದೆ. ದಿನದ ಕೂಲಿ ₹550. ವಾರಕ್ಕೆ ₹1,000 ಖರ್ಚಿಗೆ ಕೊಟ್ಟು, ಉಳಿದ ಲೆಕ್ಕ ಸೀಸನ್ ಮುಗಿದ ಮೇಲೆ. ಬೆಳಿಗ್ಗೆ 8ಕ್ಕೆ ಶುರುವಾದರೆ ರಾತ್ರಿ 10 ಆಗುತ್ತದೆ, ಸೀಸನ್ನಿನಲ್ಲಿ ದಿನಾ ಹೀಗೇ. ಆಧಾರ್ ಕಾರ್ಡು ಕಳೀಬಾರದು ಅಂತ ಆಫೀಸಿನ ಡ್ರಾವರ್‌ನಲ್ಲಿ ಇಡುತ್ತೇವೆ. ಮಲಗುವುದು ಗೋದಾಮಿನಲ್ಲೇ. ಗಿರಾಕಿಗಳ ಸಾಮಾನು ಇರುವುದರಿಂದ ರಾತ್ರಿ ಶಟರ್‌ಗೆ ಹೊರಗಿನಿಂದ ಕೀಲಿ.

ಈಗ ಬೆಂಗಳೂರಿನ ದೊಡ್ಡ ಕಂಪನಿಯೊಂದು ಧಾರವಾಡ, ಹುಬ್ಬಳ್ಳಿ ಭಾಗದ ಕೆಲಸ ನಮಗೆ ಕೊಡಲು ಒಪ್ಪಿದೆ. ಅವರ ಗಿರಾಕಿ ಬ್ರಿಟನ್ನಿನವರು. 9 ಪುಟದ ಒಂದು ಫಾರ್ಮ್ ಕಳಿಸಿ, "ನಮ್ಮಲ್ಲಿ ಮತ್ತು ನಮಗೆ ಮಾಲು, ಜನ ಒದಗಿಸುವವರಲ್ಲಿ ಆಧುನಿಕ ಗುಲಾಮಗಿರಿ ಇಲ್ಲ" ಅಂತ ಸಹಿ ಕೇಳಿದ್ದಾರೆ. ನಮ್ಮ ತಂದೆಯವರು ಸ್ವತಃ ಎಪಿಎಂಸಿಯಲ್ಲಿ ಚೀಲ ಹೊತ್ತವರು. ನಾನು ಯಾರಿಗೂ ಕೈ ಎತ್ತಿಲ್ಲ. ಹೋದ ವರ್ಷ ಒಡಿಶಾದ ಇಬ್ಬರು ಹುಡುಗರು 38 ದಿನ ದುಡಿದು, ಅಡ್ವಾನ್ಸ್ ಬಾಕಿ ಇಟ್ಟು ಓಡಿ ಹೋದರು. "ಹಿಡಿದು ತರ್ತೀನ್ರಿ" ಅಂತ ಮುಕಾದಮರು ಅನ್ನುತ್ತಿದ್ದಾರೆ. ನಾನು ಗುಲಾಮರನ್ನು ಇಟ್ಟುಕೊಂಡವನೇನು? ಸಹಿ ಮಾಡಲೋ ಬೇಡವೋ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಶಟರ್‌ನ ಕೀಲಿಯ ಹತ್ತಿರ ಬಂದು ನಿಂತೆ. ಫಾರ್ಮಿನ ಮಾತು ಆಮೇಲೆ ಆಡೋಣ. ಇದನ್ನು ಓದಿದ ರಾತ್ರಿಯೇ ಆ ಕೀಲಿ ತೆಗೆಯಿರಿ. ಒಳಗಿರುವುದು ರಟ್ಟು, ಥರ್ಮಾಕೋಲ್, ಬಬಲ್ ಶೀಟು, ಹಳೆಯ ಕಂಬಳಿ. ಒಂದು ಬೀಡಿ ತುಂಡು ಸಾಕು, ಸುಟ್ಟ ಚಾರ್ಜರ್ ಒಂದು ಸಾಕು. ಕೀಲಿಕೈ ಇಟ್ಟುಕೊಂಡವರು ಮನೆಯಿಂದ ಎದ್ದು ಬರುವಷ್ಟರಲ್ಲಿ ಒಳಗಿದ್ದವರ ಕಥೆ ಮುಗಿದಿರುತ್ತದೆ. ಇನ್ನು ಕಾನೂನಿನ ಕಣ್ಣಿಗೆ ಅದು ಅಕ್ರಮ ಬಂಧನ, ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಂ. ಸಾಮಾನು ಕಾಯಲು ಕೀಲಿ ಹಾಕಿದೆ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ಗಿರಾಕಿಗಳ ಸಾಮಾನಿಗೆ ಜಾಳಿಗೆಯ ಅಡ್ಡಗೋಡೆ ಕಟ್ಟಿಸಿ ಅದಕ್ಕೆ ಬೇಕಾದಷ್ಟು ಕೀಲಿ ಹಾಕಿರಿ. ಜನ ಮಲಗುವ ಕಡೆ ಒಳಗಿನಿಂದ ತೆಗೆಯಲು ಬರುವ ಬಾಗಿಲು ಇರಲೇಬೇಕು.

ಧಾರವಾಡದಲ್ಲಿ 20 ವರ್ಷಕ್ಕೂ ಮೇಲ್ಪಟ್ಟು ಕಾರ್ಮಿಕರ ಪ್ರಕರಣ ನಡೆಸಿದವನು ನಾನು. ಹಮಾಲರ ಪರವಾಗಿಯೂ ನಿಂತಿದ್ದೇನೆ, ಮಾಲೀಕರ ಪರವಾಗಿಯೂ ನಿಂತಿದ್ದೇನೆ. ಜೀತದ ಪ್ರಕರಣಗಳಲ್ಲಿ ನಾನು ಕಂಡ ಮಾಲೀಕರಲ್ಲಿ ಹೆಚ್ಚಿನವರು ನಿಮ್ಮಂಥವರೇ, ಊಟ ಹಾಕಿದವರು, ಹಬ್ಬಕ್ಕೆ ಅಂಗಿ ಕೊಡಿಸಿದವರು. ಆದ್ದರಿಂದ "ನಾನು ಕೆಟ್ಟವನೇನು" ಎಂಬ ಪ್ರಶ್ನೆಯನ್ನು ಬದಿಗಿಡೋಣ. ಕಾನೂನು ಕೇಳುವ ಪ್ರಶ್ನೆ ಬೇರೆಯೇ ಇದೆ: ಈ ಮನುಷ್ಯ ನಾಳೆ ಬೆಳಿಗ್ಗೆ ಎದ್ದು "ನಾನು ಊರಿಗೆ ಹೋಗ್ತೀನಿ" ಅಂದರೆ ಹೋಗಬಲ್ಲನೇ? ಅವನ ಕಾರ್ಡು ಅವನ ಕಿಸೆಯಲ್ಲಿದೆಯೇ, ದುಡಿದ ದುಡ್ಡು ಅವನ ಕೈಯಲ್ಲಿದೆಯೇ, ಬಾಗಿಲು ತೆರೆದಿದೆಯೇ, ಅವನ ಹಿಂದೆ ಯಾರಾದರೂ ಹೋಗುತ್ತಾರೆಯೇ? ನಿಮ್ಮ ಪತ್ರದ ಪ್ರಕಾರ ನಾಲ್ಕಕ್ಕೂ ಉತ್ತರ ಅವನ ವಿರುದ್ಧವೇ ಇದೆ.

"ಆಧುನಿಕ ಗುಲಾಮಗಿರಿ" ಎಂಬ ಮಾತು ನಿಮಗೆ ಪರಕೀಯವಾಗಿ ಕೇಳಿದ್ದು ಸಹಜ. ನಮ್ಮ ಕಡೆ ಅದಕ್ಕೆ ಹಳೆಯ ಹೆಸರುಗಳಿವೆ. ಯುಗಾದಿಯಿಂದ ಯುಗಾದಿಗೆ ಮುಂಗಡ ಕೊಟ್ಟು "ಸಂಬಳಕ್ಕೆ ಇಟ್ಟುಕೊಳ್ಳುವ" ಪದ್ಧತಿಯನ್ನು ನಿಮ್ಮ ತಂದೆಯವರು ಕಣ್ಣಾರೆ ಕಂಡಿರುತ್ತಾರೆ. ವರ್ಷ ಮುಗಿದರೂ ಸಾಲ ಮುಗಿಯದಿದ್ದರೆ ಅದೇ ಜೀತ. ಆಧುನಿಕ ಗುಲಾಮಗಿರಿ ಎಂಬ ಪದದೊಳಗೆ ಈ ಜೀತ, ಬಲವಂತದ ದುಡಿಮೆ, ಮಾನವ ಸಾಗಣೆ, ಒತ್ತಾಯದ ಮದುವೆ ಎಲ್ಲವೂ ಬರುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಜೊತೆಗಾರ ಸಂಸ್ಥೆಗಳು 2022ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನ ಈ ಸ್ಥಿತಿಯಲ್ಲಿದ್ದಾರೆ. ಅವರಲ್ಲಿ ಬಲವಂತದ ದುಡಿಮೆಗೆ ಸಿಕ್ಕವರೇ ಸುಮಾರು 2.76 ಕೋಟಿ.

ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆ ನೇರವಾಗಿ ನಿಮಗೆ ಅನ್ವಯಿಸುವುದಿಲ್ಲ. ಅದರ 54ನೇ ಕಲಂ ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕೂ ಹೆಚ್ಚು ವಹಿವಾಟು ಇರುವ ಕಂಪನಿಗಳಿಗೆ ಸಂಬಂಧಿಸಿದ್ದು. ಆಸ್ಟ್ರೇಲಿಯಾದಲ್ಲೂ 2018ರಲ್ಲಿ ಇಂಥದೇ ಕಾಯ್ದೆ ಬಂದಿದೆ. ತಮ್ಮ ವ್ಯವಹಾರದಲ್ಲಿ, ತಮಗೆ ಮಾಲು ಮತ್ತು ಸೇವೆ ಕೊಡುವವರಲ್ಲಿ ಗುಲಾಮಗಿರಿ ತಡೆಯಲು ಏನು ಕ್ರಮ ಕೈಗೊಂಡೆವು ಎಂದು ಆ ಕಂಪನಿಗಳು ವರ್ಷ ವರ್ಷ ಹೇಳಿಕೆ ಹೊರಡಿಸಬೇಕು. ಅದಕ್ಕಾಗಿ ಅವರು ಬೆಂಗಳೂರಿನವರನ್ನು ಕೇಳುತ್ತಾರೆ, ಬೆಂಗಳೂರಿನವರು ನಿಮ್ಮನ್ನು ಕೇಳುತ್ತಾರೆ. ಆ ಕಾಯ್ದೆ "ನಮ್ಮಲ್ಲಿ ಗುಲಾಮಗಿರಿ ಇಲ್ಲವೇ ಇಲ್ಲ" ಎಂಬ ಗ್ಯಾರಂಟಿಯನ್ನು ಆ ದೊಡ್ಡ ಕಂಪನಿಯಿಂದಲೂ ಕೇಳುವುದಿಲ್ಲ, ಕೈಗೊಂಡ ಕ್ರಮಗಳನ್ನು ಹೇಳು ಅನ್ನುತ್ತದೆ. ಹಾಗಿರುವಾಗ ನೀವು ಗ್ಯಾರಂಟಿ ಕೊಡುವ ಅಗತ್ಯವಿಲ್ಲ. ಇದನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ನಿಮ್ಮನ್ನು ನಿಜವಾಗಿ ಹಿಡಿಯುವುದು ನಮ್ಮ ನೆಲದ ಕಾನೂನು. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಬಹಳ ಜನ ತಿಳಿದುಕೊಂಡದ್ದಕ್ಕಿಂತ ಅಗಲವಾಗಿದೆ. ಮುಂಗಡದ ಕಾರಣದಿಂದ ಒಬ್ಬನಿಗೆ ಕನಿಷ್ಠ ಕೂಲಿಗಿಂತ ಕಡಿಮೆ ಸಿಕ್ಕರೆ ಜೀತ. ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ತಪ್ಪಿದರೆ ಜೀತ. ಬೇಕಾದಲ್ಲಿ ಓಡಾಡುವ ಸ್ವಾತಂತ್ರ್ಯ ತಪ್ಪಿದರೂ ಜೀತ. ಎಲ್ಲವೂ ಕೂಡಿ ಬರಬೇಕಿಲ್ಲ, ಒಂದಿದ್ದರೆ ಸಾಕು. 1985ರ ತಿದ್ದುಪಡಿ ಗುತ್ತಿಗೆ ಕಾರ್ಮಿಕರೂ ಹೊರರಾಜ್ಯದಿಂದ ಬಂದವರೂ ಇದರಲ್ಲಿ ಸೇರುತ್ತಾರೆ ಎಂದು ಸ್ಪಷ್ಟ ಮಾಡಿತು. ಇಷ್ಟು ಜನ ಇದ್ದರೆ ಮಾತ್ರ ಅನ್ವಯ ಎಂಬ ಲೆಕ್ಕ ಈ ಕಾಯ್ದೆಗಿಲ್ಲ, ಒಬ್ಬನಿದ್ದರೂ ಅನ್ವಯ. ಶಿಕ್ಷೆ 3 ವರ್ಷದವರೆಗೆ. ಕೆಲಸಗಾರ ಪರಿಶಿಷ್ಟ ಜಾತಿ ಅಥವಾ ಪಂಗಡದವನಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಸೇರಿಕೊಳ್ಳುತ್ತದೆ. ಸಾಲ ಜೀತದ್ದಲ್ಲ ಎಂದು ಸಾಬೀತು ಮಾಡುವ ಹೊರೆ ಕೊಟ್ಟವನ ಮೇಲಿದೆ, ದುಡಿದವನ ಮೇಲಿಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಎಷ್ಟೋ ಹಳೆಯ ಕಾಯ್ದೆಗಳು ಹೋದವು. ಜೀತ ರದ್ದತಿ ಕಾಯ್ದೆ ಹಾಗೇ ಉಳಿದಿದೆ.

ಹಾಗಾದರೆ ಅಡ್ವಾನ್ಸ್ ಕೊಡುವುದೇ ಅಪರಾಧವೇ? ಅಲ್ಲ. ಈ ತಪ್ಪು ತಿಳಿವಳಿಕೆ ಮಾಲೀಕರಲ್ಲಿ ಬಹಳ ಇದೆ, ಹೆದರಿಕೆಯಿಂದ ಅಡ್ವಾನ್ಸನ್ನು ಪುಸ್ತಕದಲ್ಲಿ ಬರೆಯದೆ ಇನ್ನಷ್ಟು ಕತ್ತಲೆಗೆ ತಳ್ಳುತ್ತಾರೆ. ಮುಂಗಡ ಕೊಟ್ಟು ಕೂಲಿಯಲ್ಲಿ ಮುರಿದುಕೊಳ್ಳಲು ಆ ನಾಲ್ಕರಲ್ಲಿ ಒಂದಾದ ವೇತನ ಸಂಹಿತೆಯೇ ಅವಕಾಶ ಕೊಟ್ಟಿದೆ. ಆದರೆ ಎಲ್ಲ ಕಡಿತಗಳೂ ಸೇರಿ ಆ ಅವಧಿಯ ಕೂಲಿಯ ಅರ್ಧ ದಾಟಬಾರದು. ನೀವು ವಾರಕ್ಕೆ ₹1,000 ಮಾತ್ರ ಕೈಗೆ ಕೊಟ್ಟು ಉಳಿದದ್ದನ್ನು ಮೂರು ತಿಂಗಳು ಹಿಡಿದಿಡುತ್ತೀರಿ. ಇದು ಆ ಮಿತಿಯನ್ನೂ ಮೀರಿತು, ಬಟವಾಡೆಯ ಗಡುವನ್ನೂ ಮೀರಿತು. ದಿನಗೂಲಿಯಾದರೆ ಕೆಲಸ ಮುಗಿದ ದಿನವೇ, ವಾರದ ಬಟವಾಡೆಯಾದರೆ ವಾರದ ಕೊನೆಯ ಕೆಲಸದ ದಿನ, ತಿಂಗಳ ಪಗಾರವಾದರೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಸೀಸನ್ ಮುಗಿದ ಮೇಲೆ ಎಂಬ ಗಡುವು ಯಾವ ಕಾನೂನಿನಲ್ಲೂ ಇಲ್ಲ.

"ಅವರೇ ಕೇಳಿ ತಗೊಂಡಾರ್ರಿ, ಒಪ್ಪಿಕೊಂಡೇ ಬಂದಾರ್ರಿ" ಎಂಬ ಮಾತನ್ನು ಕೋರ್ಟಿನಲ್ಲಿ ಎಷ್ಟು ಸಲ ಕೇಳಿದ್ದೇನೋ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿ ದಿನದ ಕನಿಷ್ಠ ಕೂಲಿ ₹9.25. ಗುತ್ತಿಗೆದಾರರು ಕೂಲಿಯನ್ನು ಜಮಾದಾರರ ಕೈಗೆ ಕೊಡುತ್ತಿದ್ದರು, ಜಮಾದಾರ ತನ್ನ ಕಮಿಷನ್ ಅಂತ ತಲೆಗೆ ಒಂದು ರೂಪಾಯಿ ಹಿಡಿದು ₹8.25 ಕೊಡುತ್ತಿದ್ದ. ಯಾರನ್ನೂ ಕಟ್ಟಿಹಾಕಿರಲಿಲ್ಲ. ಆದರೂ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವವನು ಹಸಿವು, ಬಡತನದ ಬಲವಂತದಿಂದ ದುಡಿಯುತ್ತಿದ್ದಾನೆ, ಆದ್ದರಿಂದ ಇದು 23ನೇ ವಿಧಿಯ ಬಲವಂತದ ದುಡಿಮೆಯೇ ಎಂದಿತು. ಆ ಒಂದು ರೂಪಾಯಿ ನೆನಪಿರಲಿ. ನಿಮ್ಮ ₹20,000 ಮುಕಾದಮರ ಕೈದಾಟಿ ಹುಡುಗನ ಕೈಗೆ ಎಷ್ಟು ತಲುಪಿತು ಅಂತ ಒಬ್ಬೊಬ್ಬನನ್ನೇ ಬೇರೆಯಾಗಿ ಕೂಡಿಸಿಕೊಂಡು ಕೇಳಿದ್ದೀರಾ?

ಕೆಲವು ವರ್ಷಗಳ ಹಿಂದೆ ಒಂದು ಪ್ರಕರಣದಲ್ಲಿ ನನ್ನ ಕೈಗೆ ಒಬ್ಬ ಮುಕಾದಮನ ನೋಟುಪುಸ್ತಕ ಸಿಕ್ಕಿತ್ತು. ಶಾಲೆ ಮಕ್ಕಳ 100 ಪುಟದ ಪುಸ್ತಕ, ರಟ್ಟಿನ ಮೇಲೆ ಎಣ್ಣೆ ಕಲೆ. ಒಬ್ಬೊಬ್ಬ ಹಮಾಲನಿಗೆ ಒಂದೊಂದು ಪುಟ. ಒಂದು ಪುಟದ ತಲೆಯಲ್ಲಿ "ಅಡ್ವಾನ್ಸ್ 18,000". ಕೆಳಗೆ ರೇಷನ್, ಗುಟ್ಕಾ, ಮೊಬೈಲ್ ರೀಚಾರ್ಜ್, ಜ್ವರದ ಔಷಧ, ಬಸ್ ಚಾರ್ಜು. ಮಧ್ಯದಲ್ಲಿ ಕೆಂಪು ಶಾಯಿಯಲ್ಲಿ "ಕನ್ನಡಿ 3,500". ಗಿರಾಕಿಯ ಡ್ರೆಸ್ಸಿಂಗ್ ಟೇಬಲ್ಲಿನ ಕನ್ನಡಿ ಒಡೆದಿತ್ತು, ನಾಲ್ಕು ಜನ ಹೊತ್ತಿದ್ದರು, ಬರೆದದ್ದು ಒಬ್ಬನ ಹೆಸರಿಗೆ. ಒಂಬತ್ತು ತಿಂಗಳು ದುಡಿದ ಮೇಲೆ ಪುಟದ ಕೆಳಗೆ "ಬಾಕಿ 21,400". ಆ ಹುಡುಗನಿಗೆ ಓದಲು ಬರುತ್ತಿರಲಿಲ್ಲ. ತನ್ನ ಪುಟ ಯಾವುದು ಅಂತ ಮಾತ್ರ ಗೊತ್ತಿತ್ತು, ಯಾಕೆಂದರೆ ಅದರ ಮೂಲೆ ಹರಿದಿತ್ತು. ಗೋದಾಮಿನ ಮಾಲೀಕರು ಆ ಪುಸ್ತಕವನ್ನು ಕಂಡೇ ಇರಲಿಲ್ಲ. ಅವರು ಸುಳ್ಳು ಹೇಳಿದರು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ನೋಡದೇ ಇದ್ದದ್ದೇ ಅವರ ತಪ್ಪು.

ಈಗ ನಿಮ್ಮ "ಓಡಿ ಹೋದ" ಇಬ್ಬರ ಲೆಕ್ಕ ಹಾಕೋಣ. ಒಬ್ಬನಿಗೆ ₹20,000 ಅಡ್ವಾನ್ಸ್. 38 ದಿನ ದುಡಿದಿದ್ದಾನೆ. ನಿಮ್ಮ ಪುಸ್ತಕದಲ್ಲಿ 38 ದಿನಕ್ಕೆ ₹550ರಂತೆ ₹20,900 ಕೂಲಿ. ಐದು ವಾರದ ಖರ್ಚಿ ₹5,000 ಕಳೆದರೆ ₹15,900. ಹಾಗಾಗಿ ಅವನು ₹4,100 ಬಾಕಿ ಇಟ್ಟು ಹೋದ ಅನ್ನುತ್ತೀರಿ. ಆದರೆ ಬೆಳಿಗ್ಗೆ 8ರಿಂದ ರಾತ್ರಿ 10 ಎಂದರೆ 14 ತಾಸು. ಊಟಕ್ಕೆ ಒಂದು ತಾಸು ಬಿಟ್ಟರೂ 13. ಕೆಲಸದ ದಿನ 8 ತಾಸಿನದು, ಹೆಚ್ಚುವರಿ ತಾಸಿಗೆ ಎರಡು ಪಟ್ಟು ಕೂಲಿ. ತಾಸಿಗೆ ₹68.75 ಬಿತ್ತು, ದುಪ್ಪಟ್ಟು ₹137.50, ಐದು ತಾಸಿಗೆ ₹687.50. ದಿನಕ್ಕೆ ಒಟ್ಟು ₹1,237.50, 38 ದಿನಕ್ಕೆ ₹47,025. ಇದರಲ್ಲಿ ಖರ್ಚಿಯ ₹5,000, ಅಡ್ವಾನ್ಸಿನ ₹20,000 ಪೂರ್ತಿ ಕಳೆಯಿರಿ. ₹22,025 ಉಳಿಯುತ್ತದೆ. ಇಷ್ಟನ್ನು ನೀವು ಅವನಿಗೆ ಕೊಡಬೇಕು. ವಾರದ ರಜೆಯ ಲೆಕ್ಕವನ್ನು ನಾನು ಇನ್ನೂ ಹಿಡಿದಿಲ್ಲ. ₹550 ಎಂಬುದೇ ಈಗಿನ ಕನಿಷ್ಠ ಕೂಲಿಗೆ ಸಾಲುತ್ತದೆಯೇ ಎಂಬುದನ್ನು ಕಾರ್ಮಿಕ ಅಧಿಕಾರಿಗಳ ಕಚೇರಿಯಲ್ಲಿ ಸಿಗುವ ದರಪಟ್ಟಿಗೆ ಹಚ್ಚಿ ನೋಡಬೇಕು. ದುಪ್ಪಟ್ಟು ಕೊಟ್ಟರೂ ದಿನಾ 13 ತಾಸು ದುಡಿಸಲು ಬರುವುದಿಲ್ಲ ಎಂಬುದು ಬೇರೆ ಮಾತು.

ಹಾಗಾಗಿ ಮುಕಾದಮರಿಗೆ ಇವತ್ತೇ ಫೋನ್ ಮಾಡಿ, ಫೋನಿನ ಮೇಲೆ ವಾಟ್ಸಾಪಿನಲ್ಲೂ ಬರೆದು ಹೇಳಿ: ಆ ಹುಡುಗರ ಹಿಂದೆ ಯಾರೂ ಹೋಗಬಾರದು, ಅವರ ಮನೆಯವರನ್ನು ಯಾರೂ ಕಾಡಬಾರದು. ಜೀತದ ಸಾಲ ಎಂದು ತೀರ್ಮಾನವಾದರೆ ಆ ಸಾಲವೇ ಕಾನೂನಿನಲ್ಲಿ ಸತ್ತಂತೆ. ಸತ್ತ ಸಾಲ ವಸೂಲಿ ಮಾಡುವುದೂ ಅಪರಾಧ. "ಹಿಡಿದು ತರುವುದು" ಅಪಹರಣವಾಗುತ್ತದೆ, ಅದರಲ್ಲಿ ನಿಮ್ಮ ಹೆಸರೂ ಬರುತ್ತದೆ.

ಇದೆಲ್ಲ ಯಾಕೆ ಹೀಗಾಗುತ್ತದೆ ಅಂತ ತಿಳಿದರೆ ಮಾತ್ರ ಸರಿಪಡಿಸಲು ಬರುತ್ತದೆ. ನಿಮ್ಮ ಸೀಸನ್ನೂ ಒಕ್ಕಲುತನದ ಸೀಸನ್ನೂ ಒಂದೇ ಹೊತ್ತಿಗೆ ಬರುತ್ತವೆ. ಏಪ್ರಿಲ್, ಮೇದಲ್ಲಿ ಮದುವೆ. ಜೂನ್ ಬಂದರೆ ಹೆಸರು, ಶೇಂಗಾ, ಗೋವಿನಜೋಳ ಬಿತ್ತಲು ಬೀಜ, ಗೊಬ್ಬರ, ಮಕ್ಕಳಿಗೆ ಶಾಲೆಯ ಖರ್ಚು, ಸಂಘದ ಕಂತು. ಮುಂಡರಗಿಯ ಒಣಬೇಸಾಯದ ಮನೆಯಲ್ಲಿ ಆ ದಿನಗಳಲ್ಲಿ ಕೈಯಲ್ಲಿ ಕಾಸು ಇರುವುದಿಲ್ಲ. ಗುಳೆ ಹೋಗುವವನು ಮೊದಲು ಮನೆಗೆ ದುಡ್ಡು ಇಟ್ಟು ಹೋಗಬೇಕು. ಆ ದುಡ್ಡು ಕೊಡುವವನು ಮುಕಾದಮ. ಮುಕಾದಮರೆಲ್ಲ ರಾಕ್ಷಸರಲ್ಲ, ಎಷ್ಟೋ ಜನ ಅದೇ ಊರಿನವರು, ನಿನ್ನೆ ತನಕ ತಾವೂ ಹೊರೆ ಹೊತ್ತವರು. ಆದರೆ ಸಾಲದ ಪಟ್ಟಿಯೂ ಕೂಲಿಯ ಚೀಲವೂ ಒಬ್ಬನ ಕೈಯಲ್ಲೇ ಇದ್ದರೆ ಒಳ್ಳೆಯವನೂ ಕೆಡುತ್ತಾನೆ.

ಇನ್ನೊಂದು ಕಾರಣವನ್ನು ನೀವು ಬರೆದಿಲ್ಲ, ನಾನು ಬರೆಯುತ್ತೇನೆ. ನಿಮಗೆ ದೊಡ್ಡ ಕಂಪನಿಗಳಿಂದ ಬಿಲ್ಲಿನ ದುಡ್ಡು ಎಷ್ಟು ದಿನಕ್ಕೆ ಬರುತ್ತದೆ? ಈ ಧಂದೆಯಲ್ಲಿ 60, 90 ದಿನ ಕಾಯಿಸುವುದನ್ನು ನಾನು ಕಂಡಿದ್ದೇನೆ. ಡೀಸೆಲ್ಲಿಗೆ, ಟೋಲಿಗೆ, ರಟ್ಟಿನ ಡಬ್ಬಿಗೆ ಕಾಯಲು ಬರುವುದಿಲ್ಲ, ಕಾಯಬಲ್ಲದ್ದು ಹಮಾಲನ ಕೂಲಿ ಒಂದೇ. ಹೀಗೆ ಬ್ರಿಟನ್ನಿನ ಗಿರಾಕಿಯ ಸಾಲವನ್ನು ಕಡೆಗೆ ಶಿರಹಟ್ಟಿಯ ಹಮಾಲ ಹೊರುತ್ತಾನೆ. ಆದ್ದರಿಂದ ಫಾರ್ಮ್ ಕಳಿಸಿದವರಿಗೆ ನೀವೂ ಒಂದು ಮಾತು ಕೇಳಬೇಕು. ನಿಮ್ಮದು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ 2006ರ ಎಂಎಸ್ಎಂಇ ಕಾಯ್ದೆ ಪ್ರಕಾರ ಒಪ್ಪಂದವಿದ್ದರೂ 45 ದಿನದಾಚೆ ಬಿಲ್ ತಡೆಯುವಂತಿಲ್ಲ. ತಡೆದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ನೋಂದಣಿ ಇಲ್ಲದಿದ್ದರೆ ಈ ವಾರವೇ ಮಾಡಿಸಿ. ದರ ಮಾತಾಡುವಾಗಲೂ ಒಂದು ಮನೆ ಖಾಲಿ ಮಾಡಲು ಎಷ್ಟು ಜನ, ಎಷ್ಟು ತಾಸು, ಕಾನೂನಿನ ಪ್ರಕಾರ ಕೂಲಿ ಎಷ್ಟು ಅಂತ ಬಿಡಿಸಿ ತೋರಿಸಿ. ಆ ಹಣ ಕೊಡಲು ಒಪ್ಪದವರಿಗೆ ಗುಲಾಮಗಿರಿ ಇಲ್ಲ ಎಂಬ ಸಹಿ ಕೇಳುವ ಹಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ.

ಅಡ್ವಾನ್ಸಿನ ವಿಷಯಕ್ಕೆ ಮೂರು ದಾರಿಗಳಿವೆ. ಪೂರ್ತಿ ನಿಲ್ಲಿಸುವುದು ಒಂದು. ಕಾಗದದ ಮೇಲೆ ಇದು ಸ್ವಚ್ಛ, ಆದರೆ ನೀವು ನಿಲ್ಲಿಸಿದರೆ ಮನೆಯ ಖರ್ಚು ನಿಲ್ಲುವುದಿಲ್ಲ, ಅದೇ ಮುಕಾದಮ ತನ್ನ ಬಡ್ಡಿಗೆ ಕೊಡುತ್ತಾನೆ, ಸಾಲ ನಿಮ್ಮ ಕಣ್ಣಿಗೆ ಬೀಳದ ಕಡೆ ಬೆಳೆಯುತ್ತದೆ. ಈಗಿನಂತೆಯೇ ಕೊಟ್ಟು ಒಂದು ಕರಾರು ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಇನ್ನೊಂದು. ಬಹಳ ಜನ ವಕೀಲರ ಹತ್ತಿರ ಬಂದು ಕೇಳುವುದು ಇದನ್ನೇ. "ಕೆಲಸ ಮುಗಿಯುವ ತನಕ ಬಿಟ್ಟು ಹೋಗುವುದಿಲ್ಲ" ಎಂದು ಬರೆಸಿದ ಆ ಕಾಗದ ನಿಮ್ಮನ್ನು ಕಾಯುವುದಿಲ್ಲ, ನಿಮ್ಮ ಮೇಲೆ ಸಾಕ್ಷಿಯಾಗುತ್ತದೆ. ನಾನು ಹೇಳುವುದು ಮೂರನೆಯದು: ಸಣ್ಣ ಮುಂಗಡ, ಹೆಚ್ಚೆಂದರೆ ಎರಡು ಮೂರು ವಾರದ ಕೂಲಿಯಷ್ಟು. ಬಡ್ಡಿ ಇಲ್ಲ. ನೇರವಾಗಿ ಕೆಲಸಗಾರನ ಖಾತೆಗೆ. ಪ್ರತಿ ವಾರ ಸಣ್ಣ ಕಂತು ಮುರಿದು, ಉಳಿದದ್ದು ಎಷ್ಟು ಅಂತ ಅವನ ಭಾಷೆಯಲ್ಲೇ ಓದಿ ಹೇಳುವುದು. ಒಡಿಯಾ ಬರುವವರು ಸಿಗದಿದ್ದರೆ ಅವನ ಮನೆಯವರಿಗೆ ಫೋನ್ ಹಚ್ಚಿಯಾದರೂ ತಿಳಿಸಬೇಕು. ನಡುವೆ ಬಿಟ್ಟು ಹೋದರೆ ಅಷ್ಟು ದಿನದ ಕೂಲಿ ಎರಡು ಕೆಲಸದ ದಿನದೊಳಗೆ ಚುಕ್ತಾ. ಬಾಕಿ ಉಳಿದ ಮುಂಗಡಕ್ಕೆ ಬೇಕಾದರೆ ನೋಟಿಸ್ ಕೊಡಬಹುದು, ಜನ ಕಳಿಸುವಂತಿಲ್ಲ. ಇದರ ಅಪಾಯವೂ ಇದೆ, ಸೀಸನ್ನಿಗೆ ಇಬ್ಬರೋ ಮೂವರೋ ದುಡ್ಡು ಮುಳುಗಿಸಿ ಹೋಗಬಹುದು. ಗಾಜು ಒಡೆಯುವುದನ್ನು ಹೇಗೆ ಧಂದೆಯ ಖರ್ಚಿನಲ್ಲಿ ಹಿಡಿಯುತ್ತೀರೋ ಇದನ್ನೂ ಹಾಗೆ ಹಿಡಿಯಿರಿ. ಇನ್ನು ಗಾಜಿನ ಮಾತು ಬಂತು: ಒಡೆದ ಸಾಮಾನಿಗೆ ವಿಮೆ ಮಾಡಿಸಿ. ಕೆಲಸಗಾರನ ನಿರ್ಲಕ್ಷ್ಯದಿಂದಲೇ ಆಯಿತು ಎಂದು ತೋರದೆ, ಅವನ ಮಾತು ಕೇಳದೆ, ಕೂಲಿಯಲ್ಲಿ ಮುರಿಯಲು ಬರುವುದಿಲ್ಲ.

ಕೂಲಿಯನ್ನು ಬ್ಯಾಂಕ್ ಖಾತೆಗೆ ಹಾಕಿದರೆ ಮುಗಿಯಿತು ಅಂತ ಬಹಳ ಮಂದಿ ತಿಳಿದಿದ್ದಾರೆ. ನಾನು ಒಬ್ಬ ಮುಕಾದಮನ ಕಿಸೆಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ 16 ಎಟಿಎಂ ಕಾರ್ಡು ಕಂಡಿದ್ದೇನೆ, ಹಿಂಭಾಗದಲ್ಲಿ ಪಿನ್ ಬರೆದಿತ್ತು. ಕಾರ್ಡು ಯಾರ ಹತ್ತಿರ ಇದೆ, ಖಾತೆಗೆ ಜೋಡಿಸಿದ ಫೋನ್ ಯಾರದು ಎಂದು ಕೇಳಿ. ಮುಕಾದಮರ ಕಮಿಷನ್ ನಿಮ್ಮ ಕೈಯಿಂದ, ಬೇರೆಯಾಗಿ, ಬಿಲ್ ಮೇಲೆ ಹೋಗಲಿ. ಕೂಲಿಯಿಂದ ಒಂದು ರೂಪಾಯಿಯೂ ಹೋಗಬಾರದು. ಮುಕಾದಮ ಕೂಲಿ ಮುಟ್ಟಿಸದಿದ್ದರೆ ಕೊಡುವ ಹೊಣೆ ನಿಮ್ಮ ಮೇಲೇ ಬರುತ್ತದೆ. 10 ಮಂದಿ ಹೊರರಾಜ್ಯದವರು ಇರುವುದರಿಂದ ಔದ್ಯೋಗಿಕ ಸುರಕ್ಷತೆ ಸಂಹಿತೆಯ ವಲಸೆ ಕಾರ್ಮಿಕರ ನಿಯಮಗಳೂ ನಿಮಗೆ ಅನ್ವಯಿಸುತ್ತವೆ. ಆಧಾರ್ ಕಾರ್ಡುಗಳನ್ನು ನಾಳೆ ಎಲ್ಲರೆದುರು ಹಂಚಿಬಿಡಿ, ನಕಲು ಪ್ರತಿ ಸಾಕು. ಕಳೆಯುತ್ತದೆ ಎಂಬ ಚಿಂತೆಯಿದ್ದರೆ ಪ್ರತಿಯೊಬ್ಬನಿಗೂ ಕೀಲಿ ಇರುವ ಸಣ್ಣ ಪೆಟ್ಟಿಗೆ ಕೊಡಿಸಿ, ಕೀಲಿಕೈ ಅವನ ಹತ್ತಿರವೇ ಇರಲಿ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಮಾಡಿಸಿ. ಹಮಾಲರಿಗೆ ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯೂ ಇದೆ.

ಮುಕಾದಮರನ್ನೇ ಬಿಟ್ಟುಬಿಟ್ಟರೆ ಹೇಗೆ? ಸುಲಭದ ದಾರಿ ಅನ್ನಿಸುತ್ತದೆ. ಆದರೆ ಆಗ ಆ 30 ಜನರ ಸಾಲದ ಪಟ್ಟಿ ಹಿಡಿದು ಅವರು ಇನ್ನೊಂದು ಗೋದಾಮಿಗೋ ಇಟ್ಟಂಗಿ ಭಟ್ಟಿಗೋ ಹೋಗುತ್ತಾರೆ, ಜನ ಹಿಂದೆಯೇ ಹೋಗುತ್ತಾರೆ. ನಿಮ್ಮ ಕೈ ಮಾತ್ರ ತೊಳೆದಂತಾಗುತ್ತದೆ. ಮೊದಲು ಆ ನೋಟುಪುಸ್ತಕ ತರಿಸಿ ಲೆಕ್ಕ ಚುಕ್ತಾ ಮಾಡಿಸಿ. ಹೊಡೆತ, ಬೆದರಿಕೆ, ತಲೆಮಾರಿನ ಸಾಲ ಕಂಡುಬಂದರೆ ನೀವೇ ರಾಜಿ ಮಾಡಲು ಹೋಗಬೇಡಿ. ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗಳಿಗೆ ತಿಳಿಸಿ. ಜೀತದಿಂದ ಬಿಡುಗಡೆಯಾದ ಪತ್ರ ಸಿಕ್ಕ ಕೆಲಸಗಾರನಿಗೆ ಪುನರ್ವಸತಿ ಯೋಜನೆಯಲ್ಲಿ ₹1 ಲಕ್ಷದಿಂದ ₹3 ಲಕ್ಷದ ತನಕ ನೆರವಿದೆ. ರಾಜಿ ಮಾಡಿ ಊರಿಗೆ ಕಳಿಸಿದರೆ ಅವನಿಗೆ ಅದು ತಪ್ಪುತ್ತದೆ.

ಫಾರ್ಮಿನಲ್ಲಿ "ಪೂರೈಕೆ ಸರಪಳಿ" ಅಂದಿದ್ದಾರಲ್ಲ, ಅದಕ್ಕೆ ಬಹಳ ತಲೆ ಕೆಡಿಸಿಕೊಳ್ಳಬೇಕಿಲ್ಲ, ಕಾಲು ನಡೆಸಿದರೆ ಸಾಕು. ಹಳೆಯ ರಟ್ಟಿನ ಡಬ್ಬಿ ಕೊಡುವ ಗುಜರಿಗೆ ಒಂದು ಮಧ್ಯಾಹ್ನ ಹೇಳದೆ ಹೋಗಿ. ಅಲ್ಲಿ ರಟ್ಟು ಬೇರ್ಪಡಿಸುತ್ತ ಕೂತವರ ವಯಸ್ಸು ನೋಡಿ. ಮರದ ಪೆಟ್ಟಿಗೆ ಮಾಡುವ ಸಾ ಮಿಲ್ಲು, ಕಾವಲುಗಾರರನ್ನು ಕೊಡುವ ಏಜೆನ್ಸಿಗೂ ಹಾಗೇ. ಬಾಡಿಗೆ ಲಾರಿ ಗಬ್ಬೂರು ಕ್ರಾಸ್ ದಾಟುವ ಮುಂಚೆ ಕ್ಯಾಬಿನ್ನಿನಲ್ಲಿ ಕೂತ ಕ್ಲೀನರ್ ಹುಡುಗನ ಮೀಸೆ ಮೂಡಿದೆಯೇ, ಡ್ರೈವರ್ ಕೊನೆಗೆ ಯಾವಾಗ ಮಲಗಿದ್ದ, ಪುಣೆಯಲ್ಲಿ ಸಾಮಾನು ಇಳಿಸುವವರಿಗೆ ಕೂಲಿ ಯಾರು ಕೊಡುತ್ತಾರೆ ಎಂದು ಕೇಳಿ.

ಒಂದು ಸಂಗತಿ ನಿಮ್ಮ ಧಂದೆಗೆ ಮಾತ್ರ ಇರುವಂಥದ್ದು. ನಿಮ್ಮ ಹುಡುಗರು ಜನರ ಅಡಿಗೆಮನೆ, ಅಟ್ಟದ ತನಕ ಹೋಗುತ್ತಾರೆ. ಪೊಲೀಸರಿಗೂ ಕಾಣದ್ದು ಅವರಿಗೆ ಕಾಣುತ್ತದೆ. ಧಾರವಾಡದ ಒಂದು ಮನೆ ಖಾಲಿ ಮಾಡುವಾಗ ಸ್ಟೋರ್ ರೂಮಿನ ಡಬ್ಬಿಗಳ ಹಿಂದೆ ಒಂದು ಚಾಪೆ, ಒಂದು ಮಡಿಸಿದ ಫ್ರಾಕು, ಪ್ಲಾಸ್ಟಿಕ್ ಬಾಚಣಿಕೆ ಸಿಕ್ಕವು ಎಂದು ಒಬ್ಬ ಹಮಾಲ ನನಗೆ ಹೇಳಿದ್ದ. ಮನೆಯವರಿಗೆ ಹೆಣ್ಣುಮಕ್ಕಳಿರಲಿಲ್ಲ. 11, 12ರ ಒಬ್ಬ ಹುಡುಗಿ ಇವರಿಗೆ ನೀರು ತಂದುಕೊಟ್ಟಿದ್ದಳು. "ಈಕಿನೂ ಲಾರ್‍ಯಾಗ ಕಳಸ್ತೀವಿ" ಅಂದರಂತೆ ಮನೆಯಾಕೆ. ಅವನು ಯಾರಿಗೂ ಹೇಳಲಿಲ್ಲ, ಹೇಳಬಹುದು ಅಂತ ಅವನಿಗೆ ಗೊತ್ತಿರಲಿಲ್ಲ. 14ರೊಳಗಿನ ಮಗುವನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ನಿಮ್ಮ ಹುಡುಗರಿಗೆ ತಿಳಿಸಿ: ಅಲ್ಲಿ ಜಗಳ ತೆಗೆಯುವುದು ಬೇಡ, ಹೊರಗೆ ಬಂದು ಸೂಪರ್‌ವೈಸರ್‌ಗೆ ಹೇಳಲಿ, ಅವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಲಿ. ಅದು ನೆಂಟರ ಮಗುವೇ ಆಗಿರಬಹುದು, ಗಿರಾಕಿ ಕೈತಪ್ಪಲೂಬಹುದು. ವಿಚಾರಿಸುವವರು ವಿಚಾರಿಸಿ ನೋಡುತ್ತಾರೆ. ಯಾರನ್ನೂ ಲಾರಿಯಲ್ಲಿ ಸಾಮಾನಿನ ಜೊತೆ ಕಳಿಸಲು ಒಪ್ಪಬೇಡಿ.

ಸಹಿಯ ಮಾತು. ಈಗ ಇರುವಂತೆ ಸಹಿ ಮಾಡಬೇಡಿ, ಅದು ಸುಳ್ಳಾಗುತ್ತದೆ. ತಪಾಸಣೆಗೆ ಬಂದವರು ಒಬ್ಬ ಹುಡುಗನನ್ನು ಮಾತಾಡಿಸಿದರೂ ಗೊತ್ತಾಗುತ್ತದೆ. ಕೆಲಸ ಬೇಡವೆಂದು ಫಾರ್ಮ್ ವಾಪಸು ಕಳಿಸುವುದೂ ಬೇಡ, ಹಾಗೆ ಮಾಡಿದರೆ ಗೋದಾಮು ಇದ್ದಂತೆಯೇ ಇರುತ್ತದೆ. 30 ದಿನ ಸಮಯ ಕೇಳಿ. "ನಮ್ಮಲ್ಲಿ ಇಲ್ಲ" ಎಂಬ ಸಾಲು ಹೊಡೆದು ಹಾಕಿ, "ನಾವು ಪರಿಶೀಲಿಸಿದೆವು, ಇಷ್ಟು ಸರಿಪಡಿಸಿದೆವು, ಇಷ್ಟನ್ನು ಇಂಥ ತಾರೀಖಿನೊಳಗೆ ಸರಿಪಡಿಸುತ್ತೇವೆ" ಎಂದು ಬರೆಯಿರಿ. ಅವರ ಕಾಯ್ದೆ ಕೇಳುವುದೂ ಇಷ್ಟನ್ನೇ ಎಂದು ಮೇಲೆ ಹೇಳಿದೆ. ಅಪಾಯ ಮುಚ್ಚಿಡುವುದಿಲ್ಲ: ಇದನ್ನು ಓದಿ ಅವರು ಕೆಲಸ ಬೇರೆಯವರಿಗೆ ಕೊಡಬಹುದು. ಹಿಂದಿನ ವರ್ಷಗಳ ಹೊಣೆಯೂ ಸರಿಪಡಿಸಿದ ಮಾತ್ರಕ್ಕೆ ಅಳಿಯುವುದಿಲ್ಲ. ಅದಕ್ಕೇ ಹಾಜರಿ ಪುಸ್ತಕ, ಕೂಲಿ ಪುಸ್ತಕ ಎಲ್ಲ ತಗೊಂಡು ಮೊದಲು ನಿಮ್ಮ ವಕೀಲರ ಹತ್ತಿರ ಕೂಡಿ, ಆಮೇಲೆ ಕಳಿಸಿ. ಏನನ್ನೂ ಹರಿಯಬೇಡಿ, ಏನನ್ನೂ ಹಿಂದಿನ ತಾರೀಖು ಹಾಕಿ ಬರೆಯಬೇಡಿ.

ಆ ಇಬ್ಬರು ಒಡಿಶಾದ ಹುಡುಗರ ಫೋನ್ ನಂಬರ್ ಮುಕಾದಮರ ಹತ್ತಿರ ಇರುತ್ತದೆ. ಆದರೆ ಫೋನ್ ನೀವೇ ಮಾಡಿ, ಬಾಕಿ ಕೇಳಲು ಅಲ್ಲ ಅಂತ ಮೊದಲ ಮಾತಿನಲ್ಲೇ ಹೇಳಿ, ಇಲ್ಲದಿದ್ದರೆ ಇಟ್ಟುಬಿಡುತ್ತಾರೆ. ಖಾತೆ ನಂಬರ್ ಕೇಳಿ, ತಲಾ ₹22,025 ಹಾಕಿ, ರಸೀದಿ ತೆಗೆದಿಟ್ಟುಕೊಳ್ಳಿ. "ಇಷ್ಟು ಸರಿಪಡಿಸಿದೆವು" ಎಂಬಲ್ಲಿ ಬರೆಯುವ ಮೊದಲ ಸಾಲು ಅದೇ ಆಗಲಿ.